ದೊಡ್ಡ ಗಡಿಯಾರದ ಪಕ್ಕದ ಪುರಭವನ

ಮೈಸೂರಿನ ದೊಡ್ಡ ಗಡಿಯಾರದ ವೃತ್ತದಲ್ಲಿರುವ ಪುರಭವನವೆಂದರೆ ನಮ್ಮ ವಿದ್ಯಾರ್ಥಿಗಳಿಗೆ ನಾಟಕ, ಸಭೆಗಳ ಜಾಗ, ಅಷ್ಟೇ. ಅದರ ಪೂರ್ಣ ಹೆಸರು ರಂಗಾಚಾರ್ಲು ಸ್ಮಾರಕ ಭವನ.

1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಸೇರಿದಾಗ ದಿವಾನರಾದವರು ಸಿ. ರಂಗಾಚಾರ್ಲು. ಅದೇ ವರ್ಷದ ದಸರೆಯಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಸದಸ್ಯರು 144 ಮಂದಿ, ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಚುನಾವಣೆ ಇರಲಿಲ್ಲ, ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆದರೂ ದಿವಾನರು ಆಡಳಿತದ ವರದಿಯನ್ನು ಅವರ ಮುಂದೆ ಓದಿದರು. ಅವರು ತಮ್ಮ ಊರುಗಳ ಅಹವಾಲನ್ನು ದಿವಾನರೆದುರೇ ಹೇಳಬಹುದಾಗಿತ್ತು. ಇಷ್ಟು ದೊಡ್ಡ ಸಂಗತಿಯನ್ನು ನಾವು ಶಿಕ್ಷಕರೇ ಎರಡು ಅಂಕದ ಪ್ರಶ್ನೆ ಮಾಡಿಬಿಟ್ಟಿದ್ದೇವೆ!

1883ರ ಜನವರಿಯಲ್ಲಿ ದಿವಾನರು ತೀರಿಕೊಂಡರು. ಮರುವರ್ಷ ಏಪ್ರಿಲ್ 1ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರು ಭವನಕ್ಕೆ ಅಡಿಗಲ್ಲಿಟ್ಟರು. ಪಕ್ಕದ ಗಡಿಯಾರ ಗೋಪುರ 1927ರದು, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರಿತ್ತ ಕಾಣಿಕೆ. ಅದರ ಅಂಕಿಗಳು ಕನ್ನಡದವು.

ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಪುರಭವನ ಮಾತ್ರ ದುರಸ್ತಿ ಕಂಡು ಇಂದಿಗೂ ಬಳಕೆಯಲ್ಲಿದೆ. ಈಗ ಅದರ ಮುಂದೆ ನಿಂತಿರುವುದು ಅಂಬೇಡ್ಕರ್ ಪ್ರತಿಮೆ. ಡಿಸೆಂಬರ್ 6ರಂದು ಅಲ್ಲಿ ಹೂಮಾಲೆ ಹಿಡಿದು ಸೇರುವವರಲ್ಲಿ ಅಂದಿನ ಸಭೆಗೆ ಕರೆ ಬಾರದಿದ್ದ ಮನೆಗಳ ಮೊಮ್ಮಕ್ಕಳೇ ಹೆಚ್ಚು.