ಕೌಂಟ್‌ಡೌನ್ ಮುಂದೆ ಕಾದು ಕೂತವರು

1991ರ ನವೆಂಬರ್ 14. ಮೈಕೆಲ್ ಜಾಕ್ಸನ್‌ನ ‘ಬ್ಲ್ಯಾಕ್ ಆರ್ ವೈಟ್’ ವಿಡಿಯೊ 27 ದೇಶಗಳ ಟಿವಿಗಳಲ್ಲಿ ಒಟ್ಟಿಗೇ ತೆರೆಕಂಡಿತು. ನೋಡಿದವರು 50 ಕೋಟಿ ಎಂಬ ಅಂದಾಜು ಇವತ್ತಿಗೂ ಚಾಲ್ತಿಯಲ್ಲಿದೆ. ಹಾಡು ಮುಗಿದ ಮೇಲೂ ಸುಮಾರು ನಾಲ್ಕು ನಿಮಿಷ ಜಾಕ್ಸನ್ ಒಬ್ಬನೇ ಬೀದಿಯಲ್ಲಿ ಕುಣಿಯುತ್ತಾನೆ, ಕಾರಿನ ಗಾಜು ಪುಡಿ ಮಾಡುತ್ತಾನೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಅಮೆರಿಕದ ಅಪ್ಪ-ಅಮ್ಮಂದಿರಿಗೆ ಇದು ಹಿಡಿಸಲಿಲ್ಲ. ಟಿವಿ ಕಚೇರಿಗಳಿಗೆ ಫೋನ್ ಮಾಡಿ ಬೈದರು. ಮರುದಿನವೇ ಜಾಕ್ಸನ್ ಕ್ಷಮೆ ಕೇಳಿದ, ಆ ಭಾಗಕ್ಕೆ ಕತ್ತರಿ ಬಿತ್ತು.

ಟಿವಿ ಕಾಲದಲ್ಲಿ ನೋಡುಗರ ದನಿ ಕಲಾವಿದರಿಗೆ ತಲುಪುತ್ತಿದ್ದುದೇ ಹೀಗೆ. ತಡವಾಗಿ, ಹೆಚ್ಚಾಗಿ ಸಿಟ್ಟು ಬಂದಾಗ.

2005ರಲ್ಲಿ ಯೂಟ್ಯೂಬ್ ಬಂದು ಕಾಯುವ ಕೆಲಸವನ್ನೇ ತಪ್ಪಿಸಿತು. ಚಿತ್ರಹಾರದ ಹೊತ್ತಿಗೆ ಟಿವಿ ಇರುವ ಮನೆ ಹುಡುಕಿ ಹೋಗುತ್ತಿದ್ದವರಿಗೆ ಬೇಕಾದ ಹಾಡು ಬೇಕಾದಾಗ ಸಿಕ್ಕಿತು. ಆದರೆ ಎಲ್ಲರೂ ಒಂದೇ ಗಳಿಗೆಯಲ್ಲಿ ನೋಡುವ ಖುಷಿ ಹೋಯಿತು. ಅದನ್ನು ವಾಪಸ್ ತರಲು ಅದೇ ಯೂಟ್ಯೂಬ್ 2018ರ ಜೂನ್‌ನಲ್ಲಿ ‘ಪ್ರೀಮಿಯರ್ಸ್’ ಶುರು ಮಾಡಿತು. ವಿಡಿಯೊ ಬರುವ ಮೊದಲೇ ಅದರ ಲಿಂಕ್ ಹೊರಬೀಳುತ್ತದೆ. ನೋಡುವವರು ರಿಮೈಂಡರ್ ಹಾಕಿಕೊಳ್ಳಬಹುದು. ಕೊನೆಗೆ ಕೌಂಟ್‌ಡೌನ್, ಪಕ್ಕದಲ್ಲೇ ಲೈವ್ ಚಾಟ್. ಮುಂದಕ್ಕೆ ಓಡಿಸಿ ನೋಡುವಂತಿಲ್ಲ. ಹಾಡಿದವರೂ ಚಾಟ್‌ಗೆ ಬಂದು ಉತ್ತರ ಕೊಡಬಹುದು. ನನ್ನ ಪ್ರಕಾರ ಇದರ ಜೀವ ಇರುವುದೇ ಈ ಚಾಟ್‌ನಲ್ಲಿ.

ಅದೇ ವರ್ಷ ನವೆಂಬರ್ 30ರಂದು ಅರಿಯಾನಾ ಗ್ರಾಂಡೆಯ ‘ಥ್ಯಾಂಕ್ ಯು, ನೆಕ್ಸ್ಟ್’ ಬಂದಾಗ ಒಂದೇ ಹೊತ್ತಿಗೆ 8 ಲಕ್ಷ 29 ಸಾವಿರ ಜನ ನೋಡುತ್ತಿದ್ದರು.

ಅಲ್ಲಿಂದ ಲೆಕ್ಕದ ಹುಚ್ಚು ಏರಿತು. 2019ರ ಜುಲೈನಲ್ಲಿ ನಮ್ಮ ದೇಶದ ರ‍್ಯಾಪರ್ ಬಾದ್‌ಷಾನ ‘ಪಾಗಲ್’ 24 ಗಂಟೆಯಲ್ಲಿ 7.5 ಕೋಟಿ ವೀಕ್ಷಣೆ ದಾಟಿತು, ವಿಶ್ವ ದಾಖಲೆ ಎಂಬ ಸುದ್ದಿ ಹಬ್ಬಿತು. ಯೂಟ್ಯೂಬ್ ಮಾತ್ರ ಅದನ್ನು ದಾಖಲೆ ಎಂದು ಸಾರಲಿಲ್ಲ. ವೀಕ್ಷಣೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿನ ಪಾಲೂ ಇತ್ತು. ಇದು ಒಬ್ಬರ ಚಾಳಿಯೇನೂ ಆಗಿರಲಿಲ್ಲ, ದೊಡ್ಡ ಮ್ಯೂಸಿಕ್ ಕಂಪನಿಗಳ ಮಾಮೂಲಿ ದಾರಿ. ಸೆಪ್ಟೆಂಬರ್‌ನಲ್ಲಿ ನಿಯಮ ಬದಲಾಯಿತು: ಜಾಹೀರಾತಿನಿಂದ ಬಂದ ವೀಕ್ಷಣೆಯನ್ನು 24 ಗಂಟೆಯ ದಾಖಲೆಗೆ ಹಿಡಿಯುವುದಿಲ್ಲ.

ಮುಂದಿನ ವರ್ಷ ಆಗಸ್ಟ್ 21ರಂದು ಕೊರಿಯಾದ ಬಿಟಿಎಸ್ ತಂಡದ ‘ಡೈನಮೈಟ್’ ಬಂತು. ಸೋಲ್‌ನಲ್ಲಿ ಮಧ್ಯಾಹ್ನ 1, ನಮ್ಮಲ್ಲಿ ಬೆಳಗ್ಗೆ 9.30, ನ್ಯೂಯಾರ್ಕ್‌ನಲ್ಲಿ ನಡುರಾತ್ರಿ. ಕೊರೊನಾದಿಂದ ಸಂಗೀತ ಕಾರ್ಯಕ್ರಮಗಳು ನಿಂತುಹೋಗಿದ್ದ ಕಾಲ ಅದು. ಆ ಗಳಿಗೆಯಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಒಟ್ಟಿಗೆ ನೋಡುತ್ತಿದ್ದರು, ಓದಲಾಗದಷ್ಟು ವೇಗದಲ್ಲಿ ಪಕ್ಕದ ಚಾಟ್ ಓಡುತ್ತಿತ್ತು.