ಕಬ್ಬಿಣ ಕಡಿಮೆಯಿದ್ದ ಎರಡು ನಕ್ಷತ್ರಗಳು

ನನ್ನ ಅಳತೆ ಉಳಿದವರ ಅಳತೆಗೆ ಹೊಂದದಿದ್ದಾಗ ನನಗೆ 1951 ನೆನಪಾಗುತ್ತದೆ. ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಪದಾರ್ಥದಿಂದಾದವು ಎಂದು ನಂಬಿದ್ದ ಕಾಲ ಅದು. ಅಮೆರಿಕದಲ್ಲಿ ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜೋಸೆಫ್ ಚೇಂಬರ್ಲೇನ್, ಲಾರೆನ್ಸ್ ಆಲರ್ ಅವರೊಡನೆ ಎರಡು ನಕ್ಷತ್ರಗಳ ರೋಹಿತವನ್ನು ಪರಿಶೀಲಿಸಿದರು. ಅವುಗಳಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಸೂರ್ಯನಲ್ಲಿರುವುದಕ್ಕಿಂತ ಬಹಳ ಕಡಿಮೆ ಎಂದು ಪ್ರಕಟಿಸಿದರು.

ಕಬ್ಬಿಣ ತಯಾರಾಗುವುದು ನಕ್ಷತ್ರಗಳಿಂದಲೇ. ಅವು ಸಿಡಿದಾಗ ಸುತ್ತಲಿನ ಅನಿಲಕ್ಕೆ ಸೇರಿ ಮುಂದಿನ ಪೀಳಿಗೆಗೆ ಸಿಗುತ್ತದೆ. ಹಾಗಾಗಿ ಕಬ್ಬಿಣ ತೀರ ಕಡಿಮೆಯಿರುವ ನಕ್ಷತ್ರ ಆಕಾಶಗಂಗೆಯ ಎಳವೆಯ ಸಾಕ್ಷಿ. ಆ ಎರಡರಲ್ಲೊಂದು ತುಲಾ ರಾಶಿಯ ಎಚ್‌ಡಿ 140283. ಅವರು ಹೇಳಿದ್ದಕ್ಕಿಂತಲೂ ಕೊರತೆ ದೊಡ್ಡದು: ಇಂದಿನ ಅಳತೆಯಲ್ಲಿ ಅದರ ಕಬ್ಬಿಣ ಸೂರ್ಯನದರ 100ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಹೊಂದದ ಅಂಕಿಯನ್ನು ತಪ್ಪೆಂದು ಹೊಡೆದುಹಾಕುವ ಮುನ್ನ ನಾನೀಗ ಇನ್ನೊಮ್ಮೆ ಅಳೆಯುತ್ತೇನೆ.