ಅಕ್ಕಿಕಾಳಿಗಿಂತ ಸಣ್ಣ ಬೀಜದ ಕಥೆ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಬೀಜ ಅಂದರೆ ಗೇರುಬೀಜ. ಪ್ರಾಸ್ಟೇಟ್ ಕ್ಯಾನ್ಸರಿಗೆ 'ಬೀಜ ಇಡುವ' ಚಿಕಿತ್ಸೆ ಉಂಟು ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ :) ಈ ಬೀಜ ಸುಮಾರು ನಾಲ್ಕೂವರೆ ಮಿಲಿಮೀಟರ್ ಉದ್ದದ ಟೈಟಾನಿಯಂ ಕೊಳವೆ. ಒಳಗಿರುವುದು ವಿಕಿರಣ ಸೂಸುವ ಅಯೋಡಿನ್-125. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯೊಳಗೆ ಹತ್ತಾರು ಬೀಜಗಳನ್ನು ಸೂಜಿಯಿಂದ ಇಟ್ಟು ಹಾಗೆಯೇ ಬಿಟ್ಟುಬಿಡುತ್ತಾರೆ. ಪ್ರತಿ ಎರಡು ತಿಂಗಳಿಗೆ ಅದರ ಶಕ್ತಿ ಅರ್ಧವಾಗುತ್ತದೆ. ವರ್ಷ ಕಳೆದರೆ ನೂರರಲ್ಲಿ ಎರಡು ಪಾಲೂ ಉಳಿದಿರುವುದಿಲ್ಲ.

ಉಪಾಯ ಹಳೆಯದು. ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದರು. ಅದನ್ನು ಗಡ್ಡೆಯ ನಡುವೆಯೇ ಇಟ್ಟರೇನು ಅಂತ 1903ರಲ್ಲಿ ಕೇಳಿದವರು ಟೆಲಿಫೋನಿನ ಗ್ರಹಾಂ ಬೆಲ್! ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಬ್ಯಾರಿಂಜರ್ 1915ರ ಸುಮಾರಿಗೇ ಪ್ರಾಸ್ಟೇಟಿಗೆ ರೇಡಿಯಂ ಸೂಜಿ ಚುಚ್ಚುತ್ತಿದ್ದರು.

ಆಗ ನಮ್ಮವರ ಪಾಡೇನು? ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿಗೆ ಸೇರಿತ್ತು. ಸುಳ್ಯ, ಕಡಬಗಳೆಲ್ಲ ಪುತ್ತೂರು ತಾಲೂಕಿನೊಳಗೇ ಇದ್ದವು. 1934ರಲ್ಲಿ ಮದ್ರಾಸಿನಲ್ಲಿ ಬರ್ನಾರ್ಡ್ ವಿಕಿರಣ ಸಂಸ್ಥೆ ಶುರುವಾಯಿತು. ಅಂದರೆ ಸರಕಾರದ ಲೆಕ್ಕದಲ್ಲಿ 'ನಮ್ಮದೇ' ಆಸ್ಪತ್ರೆ. ಆದರೆ ಹೋಗಲು ಮಂಗಳೂರಿನಲ್ಲಿ ರೈಲು ಹತ್ತಿ ಭಾರತದ ಇನ್ನೊಂದು ಕರಾವಳಿಗೇ ಮುಟ್ಟಬೇಕು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಬಂದದ್ದು 1973ರಲ್ಲಿ, ಪುತ್ತೂರಿನ ಮೇಲೆ ಹಾಸನದ ರೈಲು ಓಡಿದ್ದು 1979ರಲ್ಲಿ.

ದೂರಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು ಅಂತ ನನಗನ್ನಿಸುತ್ತದೆ. ಬೀಜದ ಚಿಕಿತ್ಸೆ ಗ್ರಂಥಿಯ ಒಳಗೇ ಇರುವ ಕ್ಯಾನ್ಸರಿಗೆ. ಆ ಹಂತದಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ತೊಂದರೆ ಬಂದರೂ, "ವಯಸ್ಸಾಯ್ತಲ್ಲ ಮಾರಾಯ್ರೆ, ರಾತ್ರಿ ನಾಲ್ಕು ಸಲ ಏಳ್ಬೇಕು" ಅಂತ ಅಜ್ಜಂದಿರು ಸುಮ್ಮನಾಗುತ್ತಿದ್ದರು. ಸೊಂಟದ ಮೂಳೆ ನೋಯುವಾಗ ಆಸ್ಪತ್ರೆಗೆ ಹೋದರೆ ಬೀಜಕ್ಕೆ ಅಲ್ಲಿ ಕೆಲಸವಿಲ್ಲ. ಪಿಎಸ್‌ಎ ಎಂಬ ರಕ್ತಪರೀಕ್ಷೆಗೆ, ರೋಗ ಪತ್ತೆಗೆಂದು, ಅಮೆರಿಕದಲ್ಲೇ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ.

ಮಧ್ಯೆ ಈ ಚಿಕಿತ್ಸೆ ಒಮ್ಮೆ ಸತ್ತೇ ಹೋಗಿತ್ತು. 1970ರ ದಶಕದಲ್ಲಿ ನ್ಯೂಯಾರ್ಕಿನ ಡಾ. ವಿಟ್ಮೋರ್ ತಂಡ ಹೊಟ್ಟೆ ಕೊಯ್ದು, ಕೈಯಂದಾಜಿನಲ್ಲೇ ಅಯೋಡಿನ್ ಬೀಜ ಇಟ್ಟಿತು. ಒಂದು ಕಡೆ ರಾಶಿ, ಇನ್ನೊಂದು ಕಡೆ ಖಾಲಿ. ಖಾಲಿ ಜಾಗದಲ್ಲಿ ಕ್ಯಾನ್ಸರ್ ಮತ್ತೆ ಚಿಗುರಿತು. ಗದ್ದೆಯಲ್ಲಿ ನೇಜಿ ನೆಟ್ಟವರಿಗೆ ಇದು ಬೇಗ ಅರ್ಥವಾದೀತು. 1983ರಲ್ಲಿ ಡೆನ್ಮಾರ್ಕಿನ ಡಾ. ಹೋಮ್ ಗುದದ್ವಾರದಲ್ಲಿ ಅಲ್ಟ್ರಾಸೌಂಡ್ ಇಟ್ಟು, ಪರದೆಯಲ್ಲಿ ನೋಡುತ್ತಾ ಸೂಜಿ ಇಳಿಸುವ ಕ್ರಮ ತೋರಿಸಿದರು. ಹೊಟ್ಟೆ ಕೊಯ್ಯುವುದೇ ಬೇಡವಾಯಿತು. ಸಿಯಾಟಲ್‌ನ ವೈದ್ಯರು ಅದನ್ನು ಜಗತ್ತಿಗೇ ಹಬ್ಬಿಸಿದರು.

ನಮ್ಮ ದೇಶದಲ್ಲೂ ಮುಂಬೈಯ ಭಾಭಾ ಪರಮಾಣು ಕೇಂದ್ರ ಕಣ್ಣು ಮತ್ತು ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಅಯೋಡಿನ್ ಬೀಜ ತಯಾರಿಸಿತು. ಆದರೂ ಇಲ್ಲಿ ಹೆಚ್ಚು ರೂಢಿಯಲ್ಲಿರುವುದು ಇರಿಡಿಯಂ. ಸೂಜಿಯೊಳಗೆ ಕೆಲವು ನಿಮಿಷ ಓಡಾಡಿಸಿ ಹೊರಗೆ ತೆಗೆಯುತ್ತಾರೆ, ಒಳಗೇನೂ ಉಳಿಯುವುದಿಲ್ಲ. ಅಪಾಯ ತೀರಾ ಕಡಿಮೆ ಇದ್ದವರಿಗೆ ಬೀಜವೂ ಬೇಡ, ಇರಿಡಿಯಮ್ಮೂ ಬೇಡ. ಆಗಾಗ ಪರೀಕ್ಷೆ ಮಾಡಿಸುತ್ತಾ ಕಾಯುವುದನ್ನೂ ವೈದ್ಯರು ಈಗ ಒಂದು ದಾರಿಯಾಗಿಯೇ ಹೇಳುತ್ತಾರೆ. ಬೀಜ ಇಟ್ಟುಕೊಂಡವರಿಗೆ ಮಾತ್ರ ಒಂದು ಪಥ್ಯ: ಮೊದಲ ಎರಡು ತಿಂಗಳು ಮೊಮ್ಮಕ್ಕಳನ್ನು ತುಂಬ ಹೊತ್ತು ತೊಡೆಯ ಮೇಲೆ ಕೂರಿಸಬಾರದು.